ಮೂರು ಬಿಂದಿಗೆ ಗಂಗೆ

"ಏಯ್, ದೂರ ಸರ್ಕಳೇ ಬೋಸುಡಿ! ನಿನ್ ನೆಳ್ಳು ತೊಟ್ಟಿ ಮ್ಯಾಗೆ ಬೀಳ್ತೈತೆ. ಇರೋ ಗಂಗೇನೂ ಓಡಿಸ್ಬುಟ್ಟೀಯಾ?"

ಪಂಚಾಯ್ತಿ ಅಧ್ಯಕ್ಷ ಶ್ಯಾಮಣ್ಣ ತನ್ನ ಮೋಟಾರು ಶೆಡ್ಡಿನ ಕಟ್ಟೆಯ ಮೇಲೆ ಕೂತು, ಬೇವಿನ ಕಡ್ಡಿ ಅಗಿಯುತ್ತಲೇ ಹೇಳಿದ. ಹೇಳಿದ್ದು ಕೋಮಲೆಗೆ. ಅವಳು ಬಿಂದಿಗೆಯನ್ನು ನೆಲದ ಮೇಲೆ ಬಿಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದಳು. ನಾವು ಏಳು ಹೆಂಗಸರು ಕೋಸಿನ ತೋಟದ ಕಳೆ ಮುಗಿಸಿ, ಕೈಯ ಮಣ್ಣು ಸೆರಗಿಗೆ ಒರೆಸಿಕೊಂಡು ಸಾಲಾಗಿ ನಿಂತಿದ್ದೆವು. ಶ್ಯಾಮಣ್ಣನ ಲೆಕ್ಕ ನೇರ. ಒಂದು ಸಾಲು ಕಳೆ ಕಿತ್ತರೆ ಒಂದು ಬಿಂದಿಗೆ ನೀರು.

"ಚಿಕ್ಕ ಹುಡುಗಿ ಅಯ್ಯಾ, ಬಿಟ್ಬುಡಿ" ಎಂದಳು ಅವಳ ಅತ್ತೆ ಅಶ್ವತ್ಥಮ್ಮ.

"ಚಿಕ್ಕೋಳಾ? ಕೇರಿ ಬೋರಿಂಗ್ನೇ ಬತ್ತಿಸಿದೋಳು ಕಣೇ ಇವ್ಳು. ಸರ್ಕಾರದ ದುಡ್ಡು, ನನ್ ಬೆವರು, ಎಲ್ಲಾ ಮಣ್ಣುಪಾಲು."

ಅಶ್ವತ್ಥಮ್ಮ ತಲೆ ತಗ್ಗಿಸಿದಳು. ಅದು ನಿಜವೆಂದೇ ಅವಳೂ ನಂಬಿದ್ದಳು. ನಾವೆಲ್ಲರೂ ನಂಬಿದ್ದೆವು.

ಉದ್ದನಪಲ್ಲಿಯಿಂದ ಎರಡು ಮೈಲಿ ಒಳಗೆ ನಮ್ಮ ಕೇರಿ. ಹಿಂದಿನ ವರ್ಷ ಯುಗಾದಿಗೆ ಮುಂಚೆ ಅಲ್ಲಿಗೊಂದು ಕೈಪಂಪಿನ ಬೋರಿಂಗು ಬಂತು. ಕಟ್ಟೆಯ ಮೇಲೆ ತಮಿಳಿನಲ್ಲಿ ಬರೆಸಿದರು: ಆಳ ಮುನ್ನೂರ ಇಪ್ಪತ್ತು ಅಡಿ. ನಾವು ಅದರ ಕೈಗೆ ಅರಿಸಿನದ ಕೊಂಬು ಕಟ್ಟಿ, ಕುಂಕುಮ ಇಟ್ಟು, ಕಾಯಿ ಒಡೆದೆವು. ಮೊದಲ ಬಿಂದಿಗೆಯನ್ನು ಗಂಗಮ್ಮನ ಕಲ್ಲಿಗೆ ಎರೆದೆವು. ಎರಡನೆಯದರಲ್ಲಿ ಬಂದ ಆಫೀಸರುಗಳು ಕೈ ತೊಳೆದರು. ಮೂರನೆಯದನ್ನು ಕೇರಿಯವರೆಲ್ಲ ತೀರ್ಥದಂತೆ ಒಂದೊಂದು ಬೊಗಸೆ ಕುಡಿದೆವು. ಮಾರನೆಯ ಬೆಳಿಗ್ಗೆ ಹೊಡೆದರೆ ಬರೀ ಗಾಳಿ.

ಶ್ಯಾಮಣ್ಣ ಮೇಲ್ಕೇರಿಯ ಪೂಜಾರಿಯನ್ನು ಕರೆತಂದ. ಪೂಜಾರಿ ದೂರದಲ್ಲೇ ನಿಂತು ಕಣ್ಣು ಮುಚ್ಚಿ, "ಮೈಲಿಗೆ ಆಗಿದೆ. ಮುಟ್ಟಾದವಳು ಯಾರೋ ಕೈಯಿಟ್ಟಿದ್ದಾಳೆ" ಎಂದ. ಕೋಮಲಾ ಮದುವೆಯಾಗಿ ಬಂದು ಎರಡು ತಿಂಗಳಾಗಿತ್ತಷ್ಟೆ. ಸುಳ್ಳು ಹೇಳಲು ಬಾರದ ಹುಡುಗಿ, "ನಾನೇ. ಮೂರ್ನೇ ದಿನ ಆಗಿತ್ತು. ಹೊಸ್ದು ಅಂತ ಮುಟ್ಟಿ ನೋಡ್ದೆ" ಎಂದುಬಿಟ್ಟಳು. ಅಂದಿನಿಂದ ಪ್ರತಿ ಶುಕ್ರವಾರ ಅವಳಿಗೆ ತಪ್ಪುಕಾಣಿಕೆ. ಶ್ಯಾಮಣ್ಣನ ಶೆಡ್ಡಿನಿಂದ ಒಂದು ಬಿಂದಿಗೆ ಹೊತ್ತು ತಂದು, ಬೋರಿಂಗಿಗೆ ಇಪ್ಪತ್ತೊಂದು ಸುತ್ತು ಬಂದು, ಅದರ ಬುಡಕ್ಕೆ ಸುರಿಯಬೇಕು. ಹೊಸೂರಿನ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುವ ಅವಳ ಗಂಡ ವೆಂಕಿ ಭಾನುವಾರ ಬಂದರೆ, ಅವಳ ಕೈಯ ನೀರು ಕುಡಿಯುತ್ತಿರಲಿಲ್ಲ. ಅಮ್ಮನನ್ನೇ ಕೇಳಿ ಕುಡಿಯುತ್ತಿದ್ದ.

ಹೀಗೆ ಒಂದು ವರ್ಷ ಕಳೆಯಿತು. ಶುಕ್ರವಾರಗಳು ಬರುತ್ತಲೇ ಇದ್ದವು.

ಒಂದು ಮಧ್ಯಾಹ್ನ ಹೊಸೂರಿನಿಂದ ಲಕ್ಷ್ಮೀಪ್ರಿಯಾ ಮೇಡಂ ಬಂದರು. ಹಳೆಯ ಮನೆತನದವರು, ಟೀಚರಾಗಿದ್ದವರು, ಈಗ ಸಂಘದ ಕೆಲಸ ಮಾಡುತ್ತಿದ್ದರು. ಅಶ್ವತ್ಥಮ್ಮನ ಜಗಲಿಯ ಮೇಲೆ ಕೂತರು. ಚೊಂಬಿನಲ್ಲಿ ಕೊಟ್ಟ ನೀರನ್ನು ಕೈಗೆ ತೆಗೆದುಕೊಂಡು, ಮಾತು ಮುಗಿಯುವ ತನಕ ಹಾಗೇ ಹಿಡಿದುಕೊಂಡಿದ್ದರು.

"ನೀರಿನ ಕೆಲಸದಲ್ಲಿ ಲಂಚ, ಮೋಸ ನಮ್ಮಲ್ಲಷ್ಟೇ ಅಲ್ಲಮ್ಮ, ಎಷ್ಟೋ ದೇಶಗಳಲ್ಲಿದೆ. ಅದನ್ನ ಎದುರಿಸೋಕೆ ಎಲ್ಲಾ ದೇಶದವರೂ ಸೇರಿ ಒಂದು ಒಕ್ಕೂಟ ಕಟ್ತಾ ಇದ್ದೀವಿ. ಶನಿವಾರ ಹೊಸೂರಲ್ಲಿ ಸಭೆ. ಬೆಳಿಗ್ಗೆ ಅವರಲ್ಲಿ ಕೆಲವರನ್ನ ನಿಮ್ಮೂರಿಗೆ ಕರ್ಕೊಂಡು ಬರ್ತೀನಿ. ಇಲ್ಲಿ ಆಗಿರೋ ಮೋಸ ಹೇಳಿ."

"ಮೋಸ ಏನಿಲ್ಲ ಮೇಡಮ್ಮಾ" ಎಂದಳು ಅಶ್ವತ್ಥಮ್ಮ. "ನಮ್ ಬೋರಿಂಗ್ನಾಗೆ ಗಂಗಮ್ಮ ಬಂದಿದ್ಲು. ನನ್ ಸೊಸೆಯಿಂದ ತಪ್ಪಾಗೋಯ್ತು, ಮುನಿಸ್ಕಂಡು ಹೊಂಟೋದ್ಲು. ಅದ್ಕೆ ಯಾವ್ ದೇಶ್ದೋರು ಬಂದು ಏನ್ ಮಾಡ್ತಾರೆ?"

ಒಳಗೆ ಕೋಮಲಾ ರಾಗಿ ಬೀಸುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಶನಿವಾರ ನಸುಕಿಗೇ ಟ್ರ್ಯಾಕ್ಟರ್ ಸದ್ದು. ಎದ್ದು ಬಂದು ನೋಡಿದರೆ ಬೋರಿಂಗಿನ ಸುತ್ತ ಮುಳ್ಳು ಕಟ್ಟಿದ್ದರು. ರಿಪೇರಿ ಎಂದರು. ಹೊತ್ತು ಏರುವಷ್ಟರಲ್ಲಿ ಮುಳ್ಳು ತೆಗೆದು ನೀಲಿ ಬಣ್ಣ ಬಳಿದರು. ಶ್ಯಾಮಣ್ಣ ಬಿಳಿ ಅಂಗಿ ತೊಟ್ಟು, ಓವರ್ಸೀಯರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ.

"ಗಂಗಮ್ಮ ಒಲ್ದವ್ಳೆ. ಯಾರೂ ಬಾಯಿ ಬಿಡ್ಕೂಡ್ದು. ಆ ಮೈಲಿಗೆ ಮುಂಡೇನ ಈ ಕಡೀಕ್ ಬಿಡ್ಬ್ಯಾಡಿ."

ಕೋಮಲಾ ಹಿಂದಿನ ದಿನದಿಂದ ಮನೆಯೊಳಕ್ಕೇ ಬಂದಿರಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ, ತನ್ನ ತಟ್ಟೆ ಲೋಟ ಇಟ್ಟುಕೊಂಡು ಕೂತಿದ್ದಳು.

ವ್ಯಾನಿನಿಂದ ಐದಾರು ಜನ ಇಳಿದರು. ಅವರಲ್ಲೊಬ್ಬ ಹೆಂಗಸು, ಕೀನ್ಯಾ ದೇಶದವಳಂತೆ, ನನಗಿಂತ ಒಂದು ಕೈ ಕಪ್ಪು. ಅಶ್ವತ್ಥಮ್ಮ ನನ್ನ ಪಕ್ಕೆ ತಿವಿದಳು. "ಲೇ ನಾರಾಯಣಮ್ಮ, ಫಾರಿನ್ನೋರು ಅಂತ ನಾನ್ ಬೆಳ್ಳಗಿರ್ತಾರೆ ಅನ್ಕಂಡಿದ್ದೆ ಕಣೆ. ಇದ್ಯಾರು, ನಿಮ್ಮಕ್ಕನಾ?"

ನಾನು ಚೊಂಬು ಕೊಟ್ಟೆ. ಅವಳು ಎತ್ತಿ ಪೂರ್ತಿ ಕುಡಿದಳು.

ಶ್ಯಾಮಣ್ಣ ಬೋರಿಂಗಿಗೆ ಕೈ ಹಾಕಿದ. ನಾಲ್ಕು ಸಲ ಹೊಡೆದ ಮೇಲೆ ನೀರು ಧುಮುಕಿತು. ಬಂದವರು ಚಪ್ಪಾಳೆ ತಟ್ಟಿದರು. ಅಶ್ವತ್ಥಮ್ಮ ಒದ್ದೆ ಮಣ್ಣಿನ ಮೇಲೇ ಅಡ್ಡಬಿದ್ದಳು. ನನ್ನ ಕಣ್ಣಲ್ಲೂ ನೀರು ಬಂತು. ತಾಯಿ, ಬಂದೆಯಾ, ಎಂದುಕೊಂಡೆ.

ಕೀನ್ಯಾದವಳು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಶ್ಯಾಮಣ್ಣ ಬಿಟ್ಟ ಹಿಡಿಯನ್ನು ತಾನು ಹಿಡಿದು ಹೊಡೆಯತೊಡಗಿದಳು. ಮೊದಲ ಬಿಂದಿಗೆ ತುಂಬಿತು. ಎರಡನೆಯದು ತುಂಬಿತು. "ಸಾಕು ಮೇಡಂ, ಸಾಕು, ಟೀ ರೆಡಿ ಅದೆ" ಎಂದ ಶ್ಯಾಮಣ್ಣ. ಅವಳು ಬಿಡಲಿಲ್ಲ. ಮೂರನೆಯ ಬಿಂದಿಗೆಯ ಕತ್ತಿಗೆ ಬರುವಷ್ಟರಲ್ಲಿ ಕೊಳವೆ ಗೊರಗೊರ ಎಂದಿತು. ಆಮೇಲೆ ಬರೀ ಕಬ್ಬಿಣದ ಸದ್ದು. ಅವಳು ಇನ್ನೂ ಹೊಡೆಯುತ್ತಲೇ ಇದ್ದಳು.

ನೀರಿನ ಸದ್ದಿಗೆ ಹಿತ್ತಿಲಿಂದ ಎದ್ದು ಬಂದ ಕೋಮಲಾ ಗೋಡೆಯ ಮೂಲೆಯಲ್ಲಿ ನಿಂತಿದ್ದಳು. ಶ್ಯಾಮಣ್ಣನ ಕಣ್ಣಿಗೆ ಬಿದ್ದಳು.

"ನೋಡಿದ್ರಾ! ಬಂದ್ಲು, ನಿಂತೋಯ್ತು! ನಾನ್ ಬಡ್ಕಂಡೆ, ಬಿಡ್ಬ್ಯಾಡಿ ಅಂತ. ಥೂ, ದರಿದ್ರ ಮುಂಡೆ!"

ಕೀನ್ಯಾದವಳು ಹಿಡಿ ಬಿಟ್ಟು, ಏನಂದನೆಂದು ಕೇಳಿದಳು. ಲಕ್ಷ್ಮೀಪ್ರಿಯಾ ಮೇಡಂ ಹಿಂದೆಮುಂದೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಇಂಗ್ಲೀಷಿನಲ್ಲಿ ಹೇಳಿದರು. ಆ ಹೆಂಗಸು ಕೋಮಲೆಯ ಹತ್ತಿರ ಹೋಗಿ ಕೈ ಹಿಡಿದುಕೊಂಡಳು. "ಮುಟ್ಬ್ಯಾಡಿ" ಎಂದು ಕೋಮಲಾ ಎಳೆದುಕೊಂಡಳು. ಅವಳು ಬಿಡಲಿಲ್ಲ. ಹಾಗೇ ಹಿಡಿದು ಮಾತಾಡಿದಳು. ಮೇಡಂ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದರು.

"ಅವರ ಊರಲ್ಲೂ ಹೀಗೇ ಒಂದು ಪಂಪು ಹಾಕಿದ್ರಂತೆ. ಒಂದೇ ದಿನ ನೀರು ಬಂತಂತೆ. ಊರ ಹಿರಿಯರು ಒಬ್ಬ ಹೆಂಗಸಿನ ಮೇಲೆ ತಪ್ಪು ಹೊರಿಸಿದ್ರಂತೆ. ಅವಳ ಮೈಲಿಗೆಯಿಂದ ಹೀಗಾಯ್ತು ಅಂತ. ಅದು ಇವರ ತಾಯಿ. ಸಾಯೋ ತನಕ ಅವರು ಅದನ್ನೇ ನಂಬಿದ್ರಂತೆ. ಆಮೇಲೆ ರಸ್ತೆಗೆ ಅಂತ ಅಗೆದಾಗ ಕೊಳವೆ ಸಿಕ್ತಂತೆ. ಎರಡಾಳುದ್ದ, ಅಷ್ಟೇ."

ಅಶ್ವತ್ಥಮ್ಮ ಮೆಲ್ಲಗೆ ಕೇಳಿದಳು. "ಅಲ್ಲೂ ಹಂಗೇ ಅಂದ್ರಾ?"

ಕೀನ್ಯಾದವಳು ಚೀಲದಿಂದ ಪುಸ್ತಕ ತೆಗೆದು ಕೋಮಲೆಯ ಹೆಸರು ಕೇಳಿ ಬರೆದುಕೊಂಡಳು. ಮೇಡಂ ಗಡಿಯಾರ ನೋಡಿಕೊಂಡರು. "ಸಭೆಗೆ ಹೊತ್ತಾಯ್ತಮ್ಮ. ಒಂದು ಅರ್ಜಿ ಕೊಡಿ. ದಾಖಲೆ ಇದ್ರೆ ನಾವು ಮೇಲಿನಿಂದ ಒತ್ತಡ ತರ್ತೀವಿ. ಸ್ವಲ್ಪ ಕಾಲ ಹಿಡಿಯುತ್ತೆ." ವ್ಯಾನು ಹೋಯಿತು. ಕಿಟಕಿಯಿಂದ ಆ ಹೆಂಗಸು ತಿರುವು ಬರುವ ತನಕ ನೋಡುತ್ತಿದ್ದಳು.

"ಅತ್ತೆ" ಎಂದಳು ಕೋಮಲಾ. "ಶ್ಯಾಮಣ್ಣೋರ ಶೆಡ್ಡಿನ್ ಬೋರು ಕೊರ್ದಾಗ ಕಲ್ಲಿನ್ ಬಿಳೀ ಧೂಳು ನಮ್ ಕೇರಿಗಂಟ ಬಂದಿತ್ತು ಅಂತೀರಲ್ಲ. ಇದನ್ನ ಕೊರ್ದಾಗ ಬಂದಿತ್ತಾ?"

ನಾವು ಮುಖ ಮುಖ ನೋಡಿಕೊಂಡೆವು. ಆ ಧೂಳು ಎರಡು ದಿನ ನಮ್ಮ ತಲೆಗೂದಲನ್ನೇ ನರೆಸಿತ್ತು. ಇದನ್ನು ಹಾಕಿದ ದಿನ ಶ್ಯಾಮಣ್ಣ ಕೇರಿಗೆ ಕೇರಿಯನ್ನೇ ಟೊಮೇಟೊ ಬಿಡಿಸಲು ಕರೆದಿದ್ದ. ಸಂಜೆ ಬಂದಾಗ ಬೋರಿಂಗು ಆಗಲೇ ನೆಟ್ಟು ನಿಂತಿತ್ತು. ಪಕ್ಕದ ಬೇವಿನ ಮರದ ಎಲೆಗಳು ಧೂಳಿಲ್ಲದೆ ಹಸಿರಾಗಿಯೇ ಇದ್ದವು.

ಕೋಮಲಾ ನೇರ ಮನೆಯೊಳಕ್ಕೇ ಹೋಗಿ ಹಾರೆ ತಂದಳು. ಒಂದು ವರ್ಷದ ಮೇಲೆ ಬೋರಿಂಗಿನ ಮೇಲೆ ಕೈಯಿಟ್ಟಳು. ಕಟ್ಟೆ ಎರಡೇಟಿಗೆ ಹಪ್ಪಳದಂತೆ ಒಡೆಯಿತು.

"ಏಯ್! ಸರ್ಕಾರಿ ಆಸ್ತಿ ಕಣ್ರೇ! ಒಳಗಾಕಿಸ್ಬುಡ್ತೀನಿ, ಸೂಳೇರಾ!" ಶ್ಯಾಮಣ್ಣ ಕೂಗುತ್ತ ಬಂದ. ಮುಟ್ಟಿ ತಡೆಯಲು ಬಂದವನು ನಾವು ಒತ್ತಾಗಿ ನಿಂತಿದ್ದು ಕಂಡು, ಮೈ ತಾಕೀತೆಂದು ನಿಂತ.

ನಾವು ಏಳು ಜನ ಕೈ ಹಾಕಿದೆವು. ಅತ್ತ ಇತ್ತ ಅಲುಗಿಸಿದೆವು. ಸಡಿಲವಾದ ಹಲ್ಲಿನಂತೆ ಆಡಿತು. ಮುನ್ನೂರ ಇಪ್ಪತ್ತು ಅಡಿಯ ಬೋರಿಂಗು ಮೂಲಂಗಿಯ ಹಾಗೆ ಮೇಲೆ ಬಂದು ಅಡ್ಡಬಿತ್ತು. ಎರಡಾಳುದ್ದ. ಅಷ್ಟೇ. ತುದಿಗೆ ಸಿಮೆಂಟು ಚೀಲ ತುರುಕಿ ಗಾರೆ ಮೆತ್ತಿದ್ದರು, ಟ್ರ್ಯಾಕ್ಟರಿನಲ್ಲಿ ತಂದು ಮೇಲಿಂದ ಸುರಿದ ನೀರು ನಿಲ್ಲಲೆಂದು.

ಅಶ್ವತ್ಥಮ್ಮ ಅದರ ಪಕ್ಕ ಕುಕ್ಕರಿಸಿದಳು. "ಬರ್ದೇ ಇರೋಳು ಮುನಿಸ್ಕಂಡು ಹೋದ್ಲು ಅಂತ ಒಂದ್ ವರ್ಸ ಅತ್ವಲ್ಲೇ" ಎಂದಳು. ಸೆರಗಿನ ತುದಿಯಿಂದ ಬೋರಿಂಗಿನ ಹಣೆಗೆ ಬೆಳಿಗ್ಗೆ ಮತ್ತೆ ಇಟ್ಟಿದ್ದ ಕುಂಕುಮವನ್ನು ಒರೆಸಿದಳು. ಹೊಸ ಬಣ್ಣ ಹಸಿಯಾಗಿತ್ತು. ಸೆರಗು ನೀಲಿಯಾಯಿತು.

ಓವರ್ಸೀಯರು ಮರದ ನೆರಳಿನಿಂದ ಮುಂದೆ ಬಂದು ಪುಸ್ತಕ ತೆರೆದ. "ಯಾರ್ ಪುಡುಂಗಿನದು?" ಎಂದ. ಮತ್ತೆ ತನ್ನ ಅರೆಗನ್ನಡದಲ್ಲಿ, "ಕಿತ್ತಿದ್ದು ಯಾರು? ಪೇರು ಹೇಳು. ಕೇಸು ಆಗ್ತದೆ" ಎಂದ.

ಯಾರಾದರೂ ಬಾಯಿ ತೆರೆಯುವ ಮುಂಚೆ ಕೋಮಲಾ ಅವನೆದುರು ಹೋಗಿ ನಿಂತಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಕೋಮಲಾ. ವೆಂಕಿ ಹೆಂಡ್ತಿ. ಇವತ್ತೂ ನಾನು ಮುಟ್ಟಾಗಿವ್ನಿ ಸಾರ್. ಅದನ್ನೂ ಬರ್ಕಳಿ."

ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಆಗಲೇ ಜಾರಿಕೊಂಡಿದ್ದ ಶ್ಯಾಮಣ್ಣ ತನ್ನ ಶೆಡ್ಡಿಗೆ ಬೀಗ ಹಾಕಿದ ಸದ್ದು ಅಷ್ಟು ದೂರದಿಂದ ಕೇಳಿಸಿತು. ನಾವು ಬಿಂದಿಗೆಗಳನ್ನು ಎತ್ತಿಕೊಂಡೆವು. ಇನ್ನು ನೀರಿಗೆ ಹಳ್ಳದ ಗುಂಡಿಯೇ ಗತಿ, ಅಲ್ಲಿಗೆ ಎರಡು ಮೈಲಿ. ಬಿಸಿಲು ನೆತ್ತಿಗೆ ಬಂದಿತ್ತು.