ಕುದುರೆಯವ ಏನಂದ?

ಒಂದಾನೊಂದು ಕಾಲದಲ್ಲಿ ಕೆರೂರಿನ ಸಿನೆಮಾ ಡೇರೆಯಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬನದು ಬೆಳಕು, ಇನ್ನೊಬ್ಬನದು ಮಾತು. ಈ ಹೊತ್ತು ಮಾತಿನವನನ್ನು, ಬೆಳಗಿನ ಜಾವ ತೀರಿಕೊಂಡ ಅಂದಾನಪ್ಪನನ್ನು, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ ಶಲ್ಯದಿಂದ ಕಟ್ಟುತ್ತಿದ್ದರು. ಬೆಳಕಿನವ, ಮಷಿನ್ ನಬಿಸಾಬ, ಜಾರುತ್ತಿದ್ದ ತಲೆಯನ್ನು ಎರಡೂ ಕೈಯಿಂದ ಹಿಡಿದಿದ್ದ.

"ನೆಟ್ಟಗ ಹಿಡೀರಿ ಕಾಕಾ," ಎಂದ ಅಂದಾನಪ್ಪನ ಮಗ ಸುನೀಲಕುಮಾರ.

"ಇದ್ದಾಗರೆ ಎಲ್ಲಿ ನೆಟ್ಟಗ ಕುಂತಿದ್ರು," ಎಂದು ಹೆಂಡತಿ ಗುರುಲಿಂಗವ್ವ ಮೂಗು ಒರೆಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಅಣ್ಣಾ, ಅವರಿಗೆ ಕೊಟ್ಟ ಮಾತ ನೆನಪೈತಿಲ್ರಿ?"

ನಬಿಸಾಬ ತಲೆಯಾಡಿಸಿದ. ನಾಲ್ಕು ಮಂದಿ ಕೂಡಿದಲ್ಲಿ ಅವನ ನಾಲಗೆ ಏಳುತ್ತಿರಲಿಲ್ಲ.

*

ಆಗ ಡೇರೆಯಲ್ಲಿ ಮೇಲಿಂದ ಮೇಲೆ ತೋರಿಸುತ್ತಿದ್ದುದು ಮಾತೇ ಇಲ್ಲದ ಒಂದು ಹಳೆಯ ಚಿತ್ರ. ಪರದೇಶದ ಬಟಾಬಯಲು, ಕುದುರೆ ಸವಾರರು. ನಬಿಸಾಬ ಮಷಿನ್ ಓಡಿಸಿದರೆ ಅಂದಾನಪ್ಪ ಪರದೆಯ ಪಕ್ಕ ನಿಂತು ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ. ಸವಾರನಿಗೂ ಬಾದಾಮಿ ಕಡೆಯ ಮಾತು, ಕುದುರೆಗೂ. ಕೊನೆಗೆ ಸವಾರನ ಗೆಳೆಯ ಸಾಯುತ್ತಿದ್ದ. ಸತ್ತವನ ದೇವರು ಬೇರೆ, ಹೂಳುವವನ ದೇವರು ಬೇರೆ. ಗೋರಿಯ ಮೇಲೆ ಶಿಲುಬೆ ನೆಟ್ಟ ಕೂಡಲೆ ಅಂದಾನಪ್ಪ, "ನೋಡ್ರಿ, ದನಾ ಬರಬಾರ್ದಂತ ಬೆದರಗೊಂಬಿ ನಿಂದ್ರಿಸಿದ!" ಎನ್ನುತ್ತಿದ್ದ. ಡೇರೆಗೆ ಡೇರೆಯೇ ನಂಬುತ್ತಿತ್ತು.

ಆಮೇಲೆ ಸವಾರ ಗೋರಿಯ ಬದಿಗೆ ಕೂತು ತುಟಿ ಅಲ್ಲಾಡಿಸುತ್ತಿದ್ದ. ಅಲ್ಲಿ ಮಾತ್ರ ಅಂದಾನಪ್ಪ ಸುಮ್ಮನಾಗುತ್ತಿದ್ದ.

"ಏನಂದನಲೇ ಅಂವಾ?" ಜನ ಕೂಗುತ್ತಿದ್ದರು.

"ಅದನ್ನ ನಬಿ ಹೇಳ್ತಾನ. ಮಷಿನ್ ಬಿಟ್ಟು ಬರವಲ್ಲ, ಮೂಕಪ್ಪ!"

ಡೇರೆಯನ್ನು ಕೊನೆಯ ಸಲ ಬಿಚ್ಚಿದ ದಿನ ಅಂದಾನಪ್ಪ ನಗದೆ ಹೇಳಿದ: "ನನಗ ಆ ಕುದುರಿಯವನ ಮಾತು ಹೊಳೀಲೇ ಇಲ್ಲಲೇ. ನಾ ಮೊದಲ ಹೋದ್ರ, ಕುಣಿ ಮುಂದ ನೀ ಹೇಳಬೇಕು. ಎಲ್ಲಾರಿಗೂ ಕೇಳೂಹಂಗ."

"ಹೂಂ," ಎಂದಿದ್ದ ನಬಿಸಾಬ.

*

ಹೊಲದ ಬದುವಿನ ಕುಣಿಯಲ್ಲಿ ಅಂದಾನಪ್ಪನನ್ನು ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಪತ್ರಿ ಹಾಕಿದರು. ಇನ್ನೇನು ಅಯ್ಯನವರು ಮಣ್ಣು ಹಾಕಲು ಕೈ ತೋರಿಸಬೇಕು, ಅಷ್ಟರಲ್ಲಿ ಗುರುಲಿಂಗವ್ವ ಅಡ್ಡ ಬಂದಳು.

"ತಡೀರಿ ಅಯ್ಯನವರ. ನಮ್ಮ ಅಣ್ಣ ಒಂದ ಮಾತ ಹೇಳೂದೈತಿ."

"ನಬಿಸಾಬ? ಮಾತ?" ಎಂದಳು ಡೇರೆಯಲ್ಲಿ ಆ ಚಿತ್ರ ನೋಡಿದ್ದ ಮುದುಕಿ ಶಾರವ್ವ. "ಅಯ್ಯ, ಅವನ ಬಾಯಾಗ ಹಲ್ಲರೆ ಅದಾವೋ ಇಲ್ಲೋ, ನಾವ್ಯಾರೂ ನೋಡಿಲ್ಲ!"

ಮಂದಿ ನಕ್ಕರು. ನಬಿಸಾಬ ಕುಣಿಯ ಅಂಚಿಗೆ ಬಂದ. ಬಾಯಿ ತೆರೆದ, ದನಿ ಬರಲಿಲ್ಲ. ಸಲಿಕೆ ಹಿಡಿದವರು ಅಯ್ಯನವರ ಮುಖ ನೋಡಿದರು. ನಗು ನಿಂತು ಹೋಯಿತು. ಶಾರವ್ವನೇ ಮೆಲ್ಲಗೆ ಹತ್ತಿರ ಸರಿದಳು.

"ಹೇಳಪಾ. ಕುದುರಿಯವ ಏನಂದ?"

ನಬಿಸಾಬ ಮಂಡಿಯೂರಿ ಕೂತ.

"ನಿನ್ನ ಮಂತ್ರ ನನಗ ಬರಾಂಗಿಲ್ಲ, ಅಂದ. ನನ್ನ ದುವಾ ನಿನಗ ಮುಟ್ಟತೈತೋ ಇಲ್ಲೋ ಗೊತ್ತಿಲ್ಲ, ಅಂದ." ಎಲ್ಲರಿಗೂ ಕೇಳುವ ಹಾಗೆ ದನಿ ಏರಿಸಿದ. "ಅದಕ್ಕ ಸುದ್ದಿ ಹೇಳ್ತೇನಿ ಕೇಳು, ಅಂದ. ಇವತ್ತ ಬಿಸಲು ಭಾಳ ಐತಿ. ಸಂತ್ಯಾಗ ಉಳ್ಳಾಗಡ್ಡಿ ಸೋವಿ ಆಗ್ಯಾವ. ನಿನ್ನ ಹೇಂತಿ ಮುಂಜಾನಿಂದ ಏನೂ ತಿಂದಿಲ್ಲ, ನಾ ಉಣ್ಣಸ್ತೇನಿ. ಇನ್ನ ಮ್ಯಾಲೆ ನಾ ಒಬ್ಬನ ಚಾ ಕುಡೀಬೇಕಲೇ, ಅಂದ."



"ಆಮ್ಯಾಲ?" ಎಂದಳು ಶಾರವ್ವ.

"ಅಷ್ಟ."

ಮೊದಲ ಮಣ್ಣು ಹಾಕಲು ಬಾಗಿದ್ದ ಸುನೀಲಕುಮಾರ ನೆಟ್ಟಗಾದ. ತನ್ನ ಬೊಗಸೆಯಲ್ಲಿದ್ದ ಮಣ್ಣನ್ನು ನಬಿಸಾಬನ ಬೊಗಸೆಗೆ ಸುರಿದು, ಹಿಂದೆ ಸರಿದು ನಿಂತ.