ಸಾಸೋನನ ಮನೆಯ ಏಳು ದಿನ

ನಮ್ಮ ಯೆಹೂದಿಗಳಲ್ಲಿ ಸಾವಿನ ಮನೆಗೆ ಹೋದವರು ತಾವಾಗಿ ಮಾತು ತೆಗೆಯುವಂತಿಲ್ಲ. ದುಃಖದಲ್ಲಿರುವವರು ಬಾಯಿ ಬಿಡುವವರೆಗೆ ಕಾಯಬೇಕು. ಮೂವತ್ತೆಂಟು ವರ್ಷ ಜೆರುಸಲೇಮಿನ ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಹೇಳಿಕೊಟ್ಟವನು ನಾನು. ಅದು ಎಷ್ಟು ಕಷ್ಟದ ನಿಯಮವೆಂದು ತಿಳಿದದ್ದು ಸಾಸೋನ್ ಸತ್ತ ಮೇಲೆ.

ಮನೆಯವರು ಏಳು ದಿನ ನೆಲದ ಮೇಲೆ ಕೂತು ದುಃಖ ಆಚರಿಸುವುದು ನಮ್ಮ ವಾಡಿಕೆ. ಮೂರನೆಯ ದಿನ ಹೋದೆ. ಬಾಗಿಲು ತೆರೆದೇ ಇತ್ತು. ಕನ್ನಡಿಗೆ ಬಟ್ಟೆ ಹೊದಿಸಿದ್ದರು. ಅವನ ಹೆಂಡತಿ ಹಬೀಬಾ ಕೊರಳ ಬಳಿ ಹರಿದ ಅಂಗಿ ತೊಟ್ಟು, ನೆಲದ ಚಾಪೆಯ ಮೇಲೆ ಕೂತು, ಯಾರೋ ತಂದ ಬೇಳೆ ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. ನನ್ನನ್ನು ಕಂಡಳು. ಮಾತು ನಿಂತಿತು.

ಒಂದು ಗಂಟೆ ಕೂತೆ. ಏಳುವಾಗ, ಚೀಯೋನಿನ ದುಃಖಿತರೊಡನೆ ದೇವರು ನಿನ್ನನ್ನೂ ಸಂತೈಸಲಿ ಎಂಬ ವಾಡಿಕೆಯ ಮಾತನ್ನು ಹೇಳಿ ಬಂದೆ. ಅದಕ್ಕೆ ಉತ್ತರ ಕೊಡಬೇಕಾದ್ದಿಲ್ಲ.

ನಾನು ಹೇಳಬೇಕಿದ್ದದ್ದು ಬೇರೆ.

ನಮ್ಮ ದೇವರಿಗೆ ರೂಪವಿಲ್ಲ. ಸೀನಾಯ್ ಬೆಟ್ಟದ ಬುಡದಲ್ಲಿ ನಮ್ಮ ಹಿರಿಯರು ಕಂಡದ್ದು ಬರೀ ಬೆಂಕಿ, ಹೊಗೆ. ದಕ್ಕಿದ್ದು ಕೇಳಿಸಿದ ಮಾತು. ಆ ಮಾತನ್ನು ಧರ್ಮಗ್ರಂಥದ ಸುರುಳಿಯಿಂದ ಓದುವಾಗ ಯಾರಾದರೂ ತಪ್ಪಿದರೆ ಕೇಳುವವರು ಅಲ್ಲೇ ತಿದ್ದುತ್ತಾರೆ. ಹಾಗೆ ತಿದ್ದುವುದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಹನ್ನೊಂದು ವರ್ಷದ ಹಿಂದೆ ಒಂದು ಶನಿವಾರದ ಪ್ರಾರ್ಥನೆಯಲ್ಲಿ, ತಂದೆಯ ಮನೆ ಬಿಟ್ಟು ಹೊರಡು ಎಂದು ಅಬ್ರಹಾಮನಿಗೆ ಅಪ್ಪಣೆಯಾಗುವ ಭಾಗದ ಓದು. ಸಾಸೋನ್ ಅದನ್ನು ಮೂವತ್ತು ವರ್ಷದಿಂದ ಓದುತ್ತಿದ್ದ. ಅಂದು ನಡುವೆ ನಿಂತ. ನಾನು ಮುಂದಿನ ಪದ ಹೇಳಿದೆ. ಎರಡು ಸಾಲು ದಾಟಿ ಮತ್ತೆ ನಿಂತ. ಆಗ ನಾನು ಕೂಗಿದೆ: "ದಾರಿ ಗೊತ್ತಿಲ್ದೆ ಹೊರಟ ಅಬ್ರಹಾಮನೇ ಕಾನಾನ್ ದೇಶ ಮುಟ್ಟಿದ. ನಿಂಗೆ ಕಣ್ಣೆದುರಿಗಿರೋ ಸಾಲು ಮುಟ್ಟೋಕಾಗಲ್ವಲ್ಲೋ ಸಾಸೋನ್!"

ಇಡೀ ಪ್ರಾರ್ಥನಾ ಮಂದಿರ ನಕ್ಕಿತು. ಅವನು ಸುರುಳಿಯ ಮೇಲೆ ಬಟ್ಟೆ ಎಳೆದು, ಮೆಟ್ಟಿಲಿಳಿದು ಹೋದ. ಮತ್ತೆ ಬರಲಿಲ್ಲ. ಅವು ಮರೆವಿನ ರೋಗದ ಮೊದಲ ದಿನಗಳೆಂದು ಆಮೇಲೆ ಗೊತ್ತಾಯಿತು.

ದೇವರಿಗೆ ಮಾಡಿದ ತಪ್ಪನ್ನು ಮಹಾ ಉಪವಾಸದ ದಿನ ದೇವರು ಕ್ಷಮಿಸುತ್ತಾನೆ. ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಕ್ಷಮಿಸಬೇಕು. ಅಲ್ಲಿಯವರೆಗೆ ದೇವರೂ ಕೈ ಕಟ್ಟಿ ಕೂತಿರುತ್ತಾನೆ. ಇದನ್ನೂ ನಾನೇ ಪಾಠ ಮಾಡಿದ್ದೆ. ಪ್ರತಿ ವರ್ಷ ಉಪವಾಸಕ್ಕೆ ಮುಂಚೆ ಅವನ ಓಣಿಯ ತಿರುವಿನವರೆಗೆ ಹೋಗಿ ಬರುತ್ತಿದ್ದೆ.

ನಾಲ್ಕನೆಯ ದಿನ ಹೋದೆ. ಐದು, ಆರು. ಹಬೀಬಾ ಎಲ್ಲರೊಡನೆ ಮಾತಾಡುತ್ತಿದ್ದಳು, ನಾನು ಒಳಗೆ ಬಂದೊಡನೆ ನಿಲ್ಲಿಸುತ್ತಿದ್ದಳು. ಮಂದಿರದ ಉಸ್ತುವಾರಿ ನೋಡುವ ಶಬ್ತಾಯ್ ಹೊರಗೆ ಸಿಗರೇಟು ಹಚ್ಚುತ್ತಾ ಅಂದ, "ಮೇಷ್ಟ್ರೇ, ನೀವು ಸುಮ್ನೆ ಕೂತಿದ್ದನ್ನ ನಾನು ನೋಡಿದ್ದು ಇದೇ ಮೊದಲು. ಸಾಸೋನ್ ಇದ್ದಿದ್ರೆ ಡಾಕ್ಟ್ರನ್ನ ಕರೆಸ್ತಿದ್ದ."

ಏಳನೆಯ ದಿನ ಬೆಳಗಿನ ಪ್ರಾರ್ಥನೆಯಾದ ಸ್ವಲ್ಪ ಹೊತ್ತಿಗೆ ಶಬ್ತಾಯ್ ಅವಳಿಗೆ, "ಏಳಿ ಅಕ್ಕ, ಮುಗೀತು" ಎಂದ. ಅವಳು ಗೋಡೆ ಹಿಡಿದು ಎದ್ದಳು. ಮೊಣಕಾಲು ಬಹಳ ಹೊತ್ತು ನೇರವಾಗಲಿಲ್ಲ. ಎಲ್ಲರೂ ಹೋಗುತ್ತಿದ್ದರು.

"ಮೆನಶೇ, ನೀವು ನಿಲ್ಲಿ" ಎಂದಳು.

ನಿಂತೆ.

"ಐದು ದಿನದಿಂದ ಬಾಯಲ್ಲಿ ಇಟ್ಕೊಂಡು ಕೂತಿದೀರಿ. ನನಗೆ ಗೊತ್ತು. ನಾನು ಮಾತಾಡಿಸಿದ್ರೆ ಹೇಳಿಬಿಡ್ತಿದ್ರಿ. ನಾನೂ ಆಯ್ತು ಹೋಗಿ ಅಂದುಬಿಡ್ತಿದ್ದೆ. ಬೇಡ ಅನ್ನೋಷ್ಟು ಶಕ್ತಿ ನನಗಿಲ್ಲ, ಬೇಗ ಮುಗಿಸಿಬಿಡೋ ಆಸೆ. ಅದಕ್ಕೇ ಮಾತಾಡಿಸಲಿಲ್ಲ."

"ಅತ್ತಿಗೆ, ಅವತ್ತು ನಾನು..."

"ನನಗೆ ಹೇಳ್ಬೇಡಿ. ಅದು ನಂದಲ್ಲ." ಅವಳು ಚಾಪೆಯನ್ನು ಸುತ್ತತೊಡಗಿದಳು. "ಕೊನೇ ವರ್ಷ ನನ್ನ ಹೆಸರೂ ಮರೆತಿದ್ದ. ಶನಿವಾರ ಹೊರಗೆ ಕರ್ಕೊಂಡು ಹೋಗ್ತೀನಿ ಬಾ ಅಂದ್ರೆ ಬಾಗಿಲ ಹತ್ರ ನಿಂತು ಕೇಳ್ತಿದ್ದ, ಅವರೆಲ್ಲ ಇನ್ನೂ ನಗ್ತಾ ಇದಾರಾ ಅಂತ. ಸತ್ತವರ ಹತ್ರ ಹೇಗೆ ಕೇಳ್ಬೇಕು ಅಂತ ನಿಮಗೆ ಗೊತ್ತಲ್ಲ. ಹೋಗಿ ಕೇಳಿ."

ಗೊತ್ತಿತ್ತು. ಹತ್ತು ಜನರನ್ನು ಸಮಾಧಿಗೆ ಕರೆದುಕೊಂಡು ಹೋಗಿ, ಅವರ ಮುಂದೆ ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಆ ಹತ್ತು ಜನ ಸತ್ತವನ ಪರವಾಗಿ ಕ್ಷಮಿಸಿದೆವೆನ್ನಬೇಕು.

ಜನ ಹೊಂದಿಸಲು ಎರಡು ದಿನ ಹಿಡಿಯಿತು. ಅಂದು ನಕ್ಕವರಲ್ಲಿ ಆರು ಜನ ಉಳಿದಿದ್ದರು. "ನಂಗೇನೂ ನೆನಪಿಲ್ಲಪ್ಪ, ಆದ್ರೂ ಬರ್ತೀನಿ" ಎಂದ ಒಬ್ಬ. ಉಳಿದ ನಾಲ್ವರನ್ನು ಶಬ್ತಾಯ್ ಎಲ್ಲಿಂದಲೋ ತಂದ. ಅವರಲ್ಲಿ ಒಬ್ಬ ನಮ್ಮ ಬೀದಿಗೆ ಹೊಸದಾಗಿ ಬಂದ ಅಂಚೆಯವ, ಸಾಸೋನನನ್ನು ನೋಡಿದವನೇ ಅಲ್ಲ.

ಜೆರುಸಲೇಮಿನ ಪಡುವಣ ಗುಡ್ಡದ ಸ್ಮಶಾನಕ್ಕೆ ಬಸ್ಸಿನಲ್ಲಿ ಹೋದೆವು. ಬಿಸಿಲು. ಮುದುಕರು ಪಕ್ಕದ ಕಲ್ಲುಗಳಿಗೆ ಒರಗಿ ಏದುಸಿರು ಬಿಡುತ್ತಿದ್ದರು. ಹೊಸ ಮಣ್ಣಿನ ಮುಂದೆ ಬರಿಗಾಲಲ್ಲಿ ನಿಂತೆ.

"ಇಸ್ರಾಯೇಲಿನ ದೇವರಿಗೂ ಸಾಸೋನನಿಗೂ ತಪ್ಪು ಮಾಡಿದೀನಿ" ಎಂದೆ. "ಹತ್ತಾರು ಜನರ ಮುಂದೆ ಅವನಿಗೆ ಅವಮಾನ ಮಾಡ್ದೆ."

"ಏನು ಅಂದ್ರಿ ಅಂತ ಹೇಳ್ಬೇಕು ಮೇಷ್ಟ್ರೇ" ಎಂದ ಶಬ್ತಾಯ್, ಮೆಲ್ಲಗೆ.

ಹೇಳಿದೆ. ಅಬ್ರಹಾಮ, ಕಾನಾನ್, ಕಣ್ಣೆದುರಿನ ಸಾಲು, ಒಂದು ಪದವೂ ಬಿಡದೆ.

ಅಂಚೆಯವ ಫಕ್ಕನೆ ನಕ್ಕುಬಿಟ್ಟ. ತಕ್ಷಣ ಬಾಯಿ ಮುಚ್ಚಿಕೊಂಡ. ಉಳಿದವರು ತಲೆ ತಗ್ಗಿಸಿದರು. ಯಾರೂ ಅವನನ್ನು ಗದರಲಿಲ್ಲ.

ಕ್ಷಮಿಸಿದೆವೆಂಬ ಮಾತಿಗೆ ಶಬ್ತಾಯ್ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವರೆಲ್ಲ ಇನ್ನೂ ನಗ್ತಾ ಇದಾರಾ ಎಂದು ಸಾಸೋನ್ ಕೇಳುತ್ತಿದ್ದದ್ದು ನೆನಪಾಗಿ, ತಾಳು ಎಂದು ಕೈ ತೋರಿಸಿದೆ. ಕಾಲು ಸುಡುತ್ತಿತ್ತು.

ನನ್ನ ತಪ್ಪನ್ನು ಮತ್ತೆ ಮೊದಲಿಂದ ಹೇಳಲು ಶುರುಮಾಡಿದೆ.