ಹೆಬ್ಬೆರಳಿಗೆ ಕಟ್ಟಿದ ತೊಟ್ಟಿಲ ಹಗ್ಗ

ಗಂಡ ಹೆಂಡತಿ ಇಬ್ಬರೂ ದುಡಿಯಲು ಹೊರಟರೆ ಮಗುವನ್ನು ನೋಡಿಕೊಳ್ಳುವವರು ಯಾರು? ನಮ್ಮ ಬ್ಯಾಟರಾಯನಪುರದ ಬೀದಿಯಲ್ಲಿ ಮನೆಮನೆಗೂ ಇದೇ ಚಿಂತೆ. ನನ್ನ ಗಂಡ ಅಶ್ವತ್ಥ್ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾರೆ. ನಾನು ಹೆಬ್ಬಾಳದ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಬಿಲ್ಲು ಹಾಕುತ್ತೇನೆ. ಮಗಳು ಐಶ್ವರ್ಯಳನ್ನು ಸಾಕಿದ್ದು ಅತ್ತೆ ಮುನಿಕೃಷ್ಣಮ್ಮ. ಅವರಿದ್ದಾರೆ ಎಂಬ ಧೈರ್ಯದಲ್ಲೇ ನಾನು ಬಸ್ಸು ಹತ್ತುತ್ತಿದ್ದೆ.

ಮಗುವನ್ನು ಸೀರೆ ತೊಟ್ಟಿಲಲ್ಲಿ ಮಲಗಿಸಿ, ಅದರ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಅತ್ತೆ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ತೂಗಲು ಅನುಕೂಲಕ್ಕೆ ಎಂದುಕೊಂಡಿದ್ದೆವು. ಫೋನ್ ಬಂದರೆ "ನೀನೇ ಮಾತಾಡವ್ವ" ಎಂದು ನನ್ನ ಕೈಗೆ ಕೊಡುತ್ತಿದ್ದರು. ಮದುವೆಮನೆಯಲ್ಲಿ ಗೋಡೆಗೆ ಒರಗಿ ಕೂತು, ಎಲ್ಲರೂ ನಕ್ಕ ಮೇಲೆ ತಾವೂ ನಗುತ್ತಿದ್ದರು. ಏನು ಹೇಳಿದರೂ "ಹೂಂ ಕಣವ್ವ." ವಯಸ್ಸಾಯಿತು, ಮಾತು ಕಮ್ಮಿಯಾಗಿದೆ ಎಂದುಕೊಂಡೆವು. ದುಡಿದು ಬಂದ ಸುಸ್ತಿನಲ್ಲಿ ಅದಕ್ಕಿಂತ ಹೆಚ್ಚು ಯೋಚಿಸುವ ಶಕ್ತಿಯೂ ಇರಲಿಲ್ಲ.

ಮಗು ನಡೆಯತೊಡಗಿತು. ತೊಟ್ಟಿಲಲ್ಲಿ ನಿಲ್ಲದಾಯಿತು.

ಒಂದು ಸಂಜೆ ನಾನು ಬಸ್ಸಿಳಿದು ಬರುವಾಗ ಅತ್ತೆ ಬರಿಗಾಲಲ್ಲಿ ಬೀದಿಯ ತುದಿಯಲ್ಲಿ ಓಡಾಡುತ್ತಿದ್ದರು.

"ಮಗು ಕಾಣ್ತಿಲ್ಲ ಕಣವ್ವಾ! ಗೇಟು ತೆಗ್ದಿತ್ತು. ರೋಡಿಗೋಗ್ಬುಟ್ಟೈತೆ!"

ನಾನು ಚೀಲ ಬಿಸಾಡಿ ರಸ್ತೆಯತ್ತ ತಿರುಗಿದೆ. ಅಷ್ಟರಲ್ಲಿ ಎದುರುಮನೆಯ ಟೈಲರ್ ಜ್ಯೋತಿಲಕ್ಷ್ಮಿ ನಮ್ಮ ಬಾಗಿಲಿನಿಂದ ನನ್ನನ್ನು ಕೂಗಿದಳು. "ನಾಗಲಕ್ಷ್ಮೀ, ಮಗು ಇಲ್ಲೇ ಇದೆ ಬಾರೇ! ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡ್‌ಬಿಟ್ಟಿದೆ!"

ಇಬ್ಬರೂ ಸೇರಿ ಬಾಗಿಲು ಒದ್ದು ತೆಗೆದೆವು. ಅತ್ತು ಅತ್ತು ಮಗುವಿನ ಗಂಟಲು ಕಟ್ಟಿತ್ತು. ಆ ಅಳು ಎದುರುಮನೆಗೆ ಕೇಳಿಸಿತ್ತು. ಅತ್ತೆ ಅದೇ ಬಾಗಿಲನ್ನು ದಾಟಿಕೊಂಡು ಬೀದಿಗೆ ಹುಡುಕಲು ಹೋಗಿದ್ದರು.

ಸುದ್ದಿ ಕೇಳಿ ಟ್ಯಾಕ್ಸಿ ಸಮೇತ ಓಡಿಬಂದ ಅಶ್ವತ್ಥ್ ಒಂದೇ ಮಾತು ಹೇಳಿದರು. "ನಾಳೆಯಿಂದ ಮಗೂನ ಡೇಕೇರ್‌ಗೆ ಬಿಡೋಣ. ಅಮ್ಮನ ಕೈಲಿ ಇನ್ನಾಗಲ್ಲ."

ಅತ್ತೆ ಮಗನ ತುಟಿಯನ್ನೇ ನೋಡುತ್ತಿದ್ದರು. ಅರ್ಥವಾಗಿರಬೇಕು. ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು.

ಜ್ಯೋತಿ ಅವರ ಎದುರಿಗೆ ಹೋಗಿ ಕೂತಳು. "ಅಮ್ಮಾ, ನಿಮಗೆ ಕಿವಿ ಸರಿಯಾಗಿ ಕೇಳಲ್ಲ ಅಲ್ವಾ?"

"ಯಾವಳೇ ಅಂಗಂದೋಳು? ನಂಗೆ ಇರುವೆ ಓಡಾಡಿದ್ರೂ ಕೇಳ್ತದೆ!"

"ಓಹೋ! ಮತ್ತೆ ಕಾಲಿಗೆ ಹಗ್ಗ ಕಟ್ಕೊಳ್ತಿದ್ದಿದ್ದು ಯಾಕೆ? ಮಗು ಎದ್ದು ಒದ್ದಾಡಿದ್ರೆ ಬೆರಳಿಗೆ ಗೊತ್ತಾಗ್ಲಿ ಅಂತ ತಾನೆ?"

ಅತ್ತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ಜ್ಯೋತಿ ಕೂದಲು ಸರಿಸಿ ಕಿವಿಯ ಹಿಂದಿದ್ದ ಪುಟ್ಟ ಮೆಷೀನ್ ತೋರಿಸಿದಳು.

"ನಾನೂ ಆಡಿರೋ ಆಟವೇ ಕಣಮ್ಮಾ. ಅಳತೆ ತಗೊಳ್ಳೋವಾಗ ಗಿರಾಕಿನ ಕನ್ನಡಿ ಮುಂದೇನೇ ನಿಲ್ಲಿಸ್ತಿದ್ದೆ. ಹಿಂದೆ ನಿಂತು ಕನ್ನಡೀಲಿ ಅವರ ತುಟಿ ನೋಡ್ಕೊಳ್ಳೋಕೆ. ಸಂಜೆ ಹೊತ್ತಿಗೆ ತಲೆ ಸಿಡಿಯೋದು. ಕೇಳದೇ ಇರೋದಕ್ಕಿಂತ ಕೇಳ್ದಂಗೆ ನಟಿಸೋದೇ ಜಾಸ್ತಿ ಸುಸ್ತು."

ಅತ್ತೆಯ ಕಣ್ಣು ತುಂಬಿತು. "ಕಿವಿಗೆ ಮಿಷನ್ನು ಆಕ್ಕಂಡ್ರೆ ಕಿವುಡಿ ಅಂತಾರೆ ಕಣೆ. ಕಿವುಡಿ ಕೈಗೆ ಯಾರು ಮಗೀನ ಕೊಟ್ಟಾರು?"

ಇಷ್ಟು ಕಾಲ ಬಚ್ಚಿಟ್ಟಿದ್ದು ಆ ಭಯಕ್ಕೆ. ಅಶ್ವತ್ಥ್ ತಲೆ ತಗ್ಗಿಸಿದರು. "ಮೊದಲು ತೋರಿಸ್ಕೊಂಡು ಬರೋಣಮ್ಮ. ಆಮೇಲೆ ಮಿಕ್ಕಿದ್ದು" ಎಂದರು.

ಆಸ್ಪತ್ರೆಯಲ್ಲಿ ಅತ್ತೆಯ ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅತ್ತೆ ಟಕ್ ಟಕ್ ಎಂದು ಒತ್ತಿದರು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ನಕ್ಕುಬಿಟ್ಟಳು. "ಅಜ್ಜೀ, ಗಾಜಿನಾಚೆ ನನ್ನ ಕೈ ಆಡೋದು ನೋಡ್ಕೊಂಡು ಒತ್ತುತಾ ಇದ್ದೀರಲ್ಲ! ಇದರಲ್ಲಿ ಪಾಸು ಫೇಲು ಇಲ್ಲ." ಕುರ್ಚಿಯನ್ನು ಹಿಂದೆ ತಿರುಗಿಸಿದಳು. ಆಮೇಲೆ ಅತ್ತೆಯ ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾಯುತ್ತಾ ಕೂತಿತು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಮೆಷೀನ್ ಬಂತು. ಬಂದಕೂಡಲೇ ಎಲ್ಲವೂ ಸರಿಹೋಗಲಿಲ್ಲ. ಕುಕ್ಕರ್ ಕೂಗಿದರೆ, ತಲೆಯ ಮೇಲೆ ವಿಮಾನ ಹೋದರೆ "ಥೂ, ತಲೆ ಒಡ್ದೋಯ್ತದೆ" ಎಂದು ಕಿತ್ತಿಡುತ್ತಿದ್ದರು. "ಮೊದಮೊದಲು ಗಲಾಟೆ ಇಲ್ಲದ ಕಡೆ ಸ್ವಲ್ಪ ಹೊತ್ತು ಹಾಕ್ಕೊಳ್ಳಿ. ತಡ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಆಸ್ಪತ್ರೇಲಿ ಹೇಳಿ, ಸೌಂಡ್ ಸರಿಮಾಡಿ ಕೊಡ್ತಾರೆ" ಎಂದಳು ಜ್ಯೋತಿ. ನಾವೂ ಕಲಿತೆವು. ಅಡುಗೆಮನೆಯಿಂದ ಕಿರುಚುವುದನ್ನು ಬಿಟ್ಟು ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ನಿಧಾನವಾಗಿ ಹೇಳುವುದು. ಮಾತಾಡುವಾಗ ಟಿ.ವಿ. ಆರಿಸುವುದು. ಬೇಸರವಾದರೂ ಎರಡನೆಯ ಸಲ ಹೇಳುವುದು. ದಣಿದು ಬಂದಾಗ ಇದೂ ಕಷ್ಟವೇ. ಬಾತ್‌ರೂಮಿನ ಚಿಲಕವನ್ನು ಮಗುವಿಗೆ ಎಟುಕದ ಎತ್ತರಕ್ಕೆ ಹಾಕಿಸಿದೆವು.

ಒಂದು ಭಾನುವಾರ ಅತ್ತೆಯೇ ಮಗನನ್ನು ಎದುರಿಗೆ ಕೂರಿಸಿಕೊಂಡರು. "ನೋಡಪ್ಪ, ಮಗೀನ ಬೆಳಿಗ್ಗೆ ನಾನ್ ನೋಡ್ಕಂತೀನಿ. ಮಿಷನ್ ಆಕ್ಕಂಡೇ ಇರ್ತೀನಿ. ಮದ್ದಾನ ತೆಗೆದಿಟ್ಟು ಒಸಿ ಮಲಗ್ಬೇಕು ಕಣಪ್ಪ, ಆಗ ನಂಗೆ ಏನೂ ಕೇಳಕ್ಕಿಲ್ಲ. ಆ ಒತ್ತು ಮಗು ಜ್ಯೋತಿ ಮನೇಲಿರ್ಲಿ. ಅವಳ್ನ ಕೇಳಿವ್ನಿ, ಆಗ್ಲಿ ಅಂದವ್ಳೆ."

ತನ್ನ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಅಷ್ಟು ಹೇಳಿದ್ಯಲ್ಲ, ಸಾಕಮ್ಮ. ಡೇಕೇರ್ ಬೇಡ" ಎಂದರು ಅಶ್ವತ್ಥ್.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಫೋನ್ ಮುಟ್ಟದವರು, ಗುಂಪಿನಿಂದ ದೂರ ಕೂರುವವರು, ಎಲ್ಲದಕ್ಕೂ ಒಪ್ಪಿಕೊಂಡುಬಿಡುವವರು ಯಾರಾದರೂ ಇದ್ದಾರೆಯೇ? ಎದುರಿಗೆ ಕೂತು ವಿಚಾರಿಸಿ. ಕಿವಿಯ ಪರೀಕ್ಷೆ ಮಾಡಿಸಿ. ಎಷ್ಟೇ ಸುಸ್ತಾಗಿದ್ದರೂ ಇದನ್ನು ಮುಂದೂಡಬೇಡಿ. ಆಸ್ಪತ್ರೆಗೆ ಹೊರಡುವ ಮೊದಲು ಅವರ ಕೈ ಹಿಡಿದು ಒಂದು ಮಾತು ಹೇಳಿ: ಕಿವಿ ಕೇಳದಿದ್ದರೂ ಈ ಮನೆಯಲ್ಲಿ ನಿಮ್ಮ ಜಾಗ ನಿಮ್ಮದೇ.